ಕಾರ್ಪೆಟ್ ಎತ್ತಿ ನೋಡಿ, ಆಮೇಲೆ ಕಪಾಟು ಕಟ್ಟಿ

18 ಎಂಎಂ ಪ್ಲೈವುಡ್ ಒಂದೇ ಮಳೆಗಾಲದಲ್ಲಿ ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಥರ ಆಗಬಹುದು ಅಂತ ನಮಗೆ ಯಾವ ಸೆಮಿಸ್ಟರ್‌ನಲ್ಲೂ ಯಾರೂ ಹೇಳಿರಲಿಲ್ಲ. ಈ ಸಲ ಊರಿಗೆ ಹೋದಾಗ ಅವ್ವ ಕಪಾಟಿನ ಬಾಗಿಲು ತೆಗೆದು, ಕೆಳಗಿನ ಅಂಚನ್ನು ಹೆಬ್ಬೆರಳಿಂದ ಒತ್ತಿ ತೋರಿಸಿದಳು. ಬೆರಳು ಒಳಗೆ ಹೋಯ್ತು. ಅವ್ವ ಏನೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ನಾವು ಅಂದ್ರೆ ಮುದಗಲ್ಲಿನ ಒಂದೇ ಮನೆಯ ಇಬ್ಬರು, ಒಬ್ಬರು ಮೆಕ್ಯಾನಿಕಲ್, ಇನ್ನೊಬ್ಬರು ಸಿವಿಲ್. ಮುದಗಲ್ ಅಂದ ಕೂಡಲೇ ಹಾಸ್ಟೆಲ್‌ನಲ್ಲಿ ಕೆಲವರು ಮೊಹರಂ ಅಂತಾರೆ, ಕೆಲವರು ಕೋಟೆ ಅಂತಾರೆ, ಹಟ್ಟಿ ಚಿನ್ನದ ಗಣಿ ಇರೋದೂ ನಮ್ಮ ಲಿಂಗಸುಗೂರು ತಾಲ್ಲೂಕಿನಲ್ಲೇ ಅಂದ್ರೆ ಕಣ್ಣರಳಿಸ್ತಾರೆ. ಊರೊಳಗಿನ ಹಳೇ ಮನೆಗಳ ಬಗ್ಗೆ ಮಾತ್ರ ಯಾರೂ ಕೇಳಲ್ಲ. ನಮ್ಮದು ಅಂಥದ್ದೇ ಒಂದು. ಕಲ್ಲು-ಮಣ್ಣಿನ ಗೋಡೆ, ಎರಡಡಿ ದಪ್ಪ. ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ಮಣ್ಣು. ಇದಕ್ಕೆ ಮಾಳಿಗಿ ಅಂತೀವಿ. ನೆಲಕ್ಕೆ ಶಹಾಬಾದಿ ಫರಸಿ. ಏಪ್ರಿಲ್ ತಿಂಗಳ ರಾಯಚೂರು ಜಿಲ್ಲೆಯ ಬಿಸಿಲು ಕಂಡವರಿಗೆ ಆ ದಪ್ಪ ಗೋಡೆಯ ಬೆಲೆ ಗೊತ್ತು.

ಆದ್ರೆ ಇಂಥ ಮನೆಯಲ್ಲಿ ಸಾಮಾನು ಇಡೋಕೆ ಜಾಗ ಅಂದ್ರೆ ಗೋಡೆಯೊಳಗಿನ ಮಾಡ ಅಷ್ಟೇ. ಅದರಲ್ಲಿ ದೀಪ, ಕುಂಕುಮದ ಡಬ್ಬಿ, ಗುಳಿಗೆ ಪಾಕೀಟು ಹಿಡಿಸುತ್ತೆ, ಸೀರೆ ಹಿಡಿಸಲ್ಲ. ಅವ್ವನ ಇಳಕಲ್ ಸೀರೆ, ಅವಳ ಕಾಗದಪತ್ರ ಎಲ್ಲ ಒಂದು ಟ್ರಂಕಿನಲ್ಲಿ. ಟ್ರಂಕಿನ ಮೇಲೆ ಇನ್ನೊಂದು ಟ್ರಂಕು, ಅದರ ಮೇಲೆ ಮನೆಮಂದಿಯ ಕೌದಿ. ಮದುವೆಗೆ ಹೋಗಬೇಕು ಅಂದ್ರೆ ಮೊದಲು ಎಲ್ಲರ ಹಾಸಿಗೆ ಇಳಿಸಬೇಕು. "ನಂದ ಒಬ್ಬಾಕೀದು ಒಂದು ಜಾಗ ಬೇಕು, ಅದಕ್ಕ ಕೀಲಿ ಇರಬೇಕು," ಅಂತ ಅವ್ವ ಎಷ್ಟೋ ವರ್ಷದಿಂದ ಹೇಳ್ತಿದ್ದಳು. ಹೋದ ವರ್ಷ ಚೀಟಿ ಎತ್ತಿದ 18 ಸಾವಿರ ನಮ್ಮ ಕೈಗೆ ಕೊಟ್ಟು, "ನೀವು ಇಂಜಿನೇರ್ ಅದೀರಿ, ಮಾಡ್ರಿ" ಅಂದಳು.

ಕಪಾಟು ಬರಬೇಕಿದ್ದ ಕೋಣೆಯಲ್ಲಿ ಫರಸಿ ಏರುಪೇರಾಗಿತ್ತು ಅಂತ ಅದರ ಮೇಲೆ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿತ್ತು. ಉಣ್ಣೆಯದಲ್ಲ, ರೋಲ್‌ನಲ್ಲಿ ಸಿಗೋ ಪಿವಿಸಿ ಕಾರ್ಪೆಟ್, ಕಟ್ಟಿಗೆಯ ಡಿಸೈನಿಂದು. ಹೊಸದು. ಕತ್ತರಿಸೋಕೆ ಮನಸ್ಸು ಬರಲಿಲ್ಲ. ಅದರ ಮೇಲೇ ರೀಪು ಇಟ್ಟು ಫ್ರೇಮ್ ನಿಲ್ಲಿಸಿದೆವು, ಹಿಂದೆ ಗೋಡೆಗೆ ಒತ್ತಿ ಹೊಂದಿಸಿದೆವು, ಪ್ಲೈ ಹೊಡೆದೆವು.

ನಾವು ನೋಡಿ ಕಲಿತದ್ದು ಅಮೆರಿಕದ ಒಂದು ವಿಡಿಯೋ. ಅಲ್ಲಿಯ ಮನೆಗಳ ಒಳಗೋಡೆ ಮರದ ಫ್ರೇಮಿಂದು, 16 ಇಂಚಿಗೊಂದು ಕಂಬ ಇರುತ್ತೆ, ಆ ಕಂಬಕ್ಕೆ ಸ್ಕ್ರೂ ಹಿಡಿಯುತ್ತೆ. ತಮಾಷೆ ಅಂದ್ರೆ, ಆ ವಿಡಿಯೋದಲ್ಲೂ ಅವನು ಮೊದಲು ಗೆರೆ ಎಳೆದು ಕಾರ್ಪೆಟ್ ಕತ್ತರಿಸಿ, ಸುತ್ತಿ ಪಕ್ಕಕ್ಕಿಟ್ಟು, ಬರೀ ನೆಲದ ಮೇಲೇ ಕೆಳಪಟ್ಟಿ ಕೂರಿಸ್ತಾನೆ. ನಾವು ಆ ಭಾಗವನ್ನ ಡಬಲ್ ಸ್ಪೀಡ್‌ನಲ್ಲಿ ಓಡಿಸಿಬಿಟ್ಟಿದ್ದೆವು.

ಮೊದಲ ಪೆಟ್ಟು ಬಿದ್ದದ್ದು ಅದೇ ದಿನ. ತೊಲೆಯ ಕೆಳಗೆ ಎತ್ತರ ಅಳೆದಾಗ 8 ಅಡಿ 1 ಇಂಚು ಬಂತು. ಹಂಗಾದ್ರೆ 8 ಅಡಿ ಎತ್ತರ, 2 ಅಡಿ ಆಳದ ಪೆಟ್ಟಿಗೆ ಸಾಕು ಅಂತ ನೆಲದ ಮೇಲೆ ಮಲಗಿಸಿಯೇ ಪೂರ್ತಿ ಜೋಡಿಸಿದೆವು. ಎತ್ತಿ ನಿಲ್ಲಿಸೋಕೆ ಹೋದ್ರೆ ಅರ್ಧದಲ್ಲಿ ತೊಲೆಗೆ ಬಡಿದು ನಿಂತಿತು. ನಿಲ್ಲುವಾಗ ಪೆಟ್ಟಿಗೆಗೆ ಬೇಕಾದ್ದು ಅದರ ಎತ್ತರ ಅಲ್ಲ, ಕರ್ಣ. 64 ಮತ್ತು 4 ಕೂಡಿಸಿ ವರ್ಗಮೂಲ ತೆಗೆದ್ರೆ ಸುಮಾರು 8 ಅಡಿ 3 ಇಂಚು. ಪೈಥಾಗೊರಸ್ ಪ್ರಮೇಯಕ್ಕೆ ಫುಲ್ ಮಾರ್ಕ್ಸ್ ತೊಗೊಂಡ ಇಬ್ಬರು ಮೂರು ಇಂಚು ಕೊಯ್ದು ಹಾಕ್ತಾ ಕೂತಿದ್ದನ್ನ ಓಣಿಯ ಬಡಿಗೇರ ಕಾಕಾ ಕಟ್ಟೆ ಮೇಲೆ ಕೂತು ನೋಡ್ತಿದ್ದರು. ಆವಾಗಲೇ ಕೇಳಿದ್ದರು, "ತಮ್ಮಾ, ಕೆಳಗ ನೆಲ ನೋಡೀರೇನು?" ರಸಮಟ್ಟ ಇಟ್ಟು ನೋಡೀವಿ ಕಾಕಾ, ಸರಿ ಐತಿ ಅಂದೆವು. ರಸಮಟ್ಟ ತೋರಿಸಿದ್ದು ಕಾರ್ಪೆಟ್ಟಿನ ಮಟ್ಟ.

ಕಾರ್ಪೆಟ್ಟಿನ ಕೆಳಗೆ ಆಗಿದ್ದು ಇಷ್ಟು. ಹಳೇ ಮನೆಗಳ ಪಾಯದಲ್ಲಿ ಡಿಪಿಸಿ ಅನ್ನೋದಿಲ್ಲ. ಮಳೆಗಾಲದಲ್ಲಿ ನೆಲದ ತೇವ ಮಣ್ಣಿನ ಸಣ್ಣ ಸಂದುಗಳಲ್ಲಿ ಮೇಲಕ್ಕೆ ಏರುತ್ತೆ. ಬತ್ತಿಯಲ್ಲಿ ಎಣ್ಣೆ ಏರೋದೂ ಹೀಗೇ, ನಮ್ಮ ಫ್ಲೂಯಿಡ್ಸ್ ಪುಸ್ತಕದ ಕ್ಯಾಪಿಲರಿ. ಬರೀ ಫರಸಿ ಇದ್ದಾಗ ಅದು ಸಂದುಗಳಿಂದ ಗಾಳಿಗೆ ಆರಿಹೋಗ್ತಿತ್ತು. ಪಿವಿಸಿ ಹಾಳೆ ಹಾಸಿದ ಮೇಲೆ ಆರೋಕೆ ದಾರಿ ಇಲ್ಲ. ಒಳಗೆ ಕತ್ತಲೆ, ತೇವ, ಮೇಲೆ ಕಟ್ಟಿಗೆ. ಗೆದ್ದಲು ಫರಸಿ ಸಂದಿನಿಂದ ಮಣ್ಣಿನ ಕೊಳವೆ ಕಟ್ಟಿಕೊಂಡು ನೇರ ನಮ್ಮ ರೀಪಿಗೆ ಬಂತು, ಅಲ್ಲಿಂದ ಪ್ಲೈಗೆ. ಒಂದು ಮೂಲೆಯಲ್ಲಿ ಫರಸಿ ತಗ್ಗಿದ್ದರಿಂದ ಫ್ರೇಮು ಅತ್ತ ವಾಲಿ, ಬಾಗಿಲು ತಾನೇ ತೆರೆದುಕೊಳ್ತಿತ್ತು. ಕೀಲಿ ಬೇಕು ಅಂದವಳ ಕಪಾಟಿನ ಬಾಗಿಲು!

ನಾವು ತಂದದ್ದು ಎಂಆರ್ ಗ್ರೇಡ್ ಪ್ಲೈ. ಮಾಯಿಶ್ಚರ್ ರೆಸಿಸ್ಟೆಂಟ್ ಅನ್ನೋ ಹೆಸರು ಕೇಳಿ ಮೋಸ ಹೋದೆವು. ಐಎಸ್ 303ರ ಈ ಗ್ರೇಡು ಒಣಗಿದ ಕೋಣೆಗೆ ಸರಿ, ತೇವದಲ್ಲಿ ನಿಲ್ಲೋದಕ್ಕಲ್ಲ. ಅದಕ್ಕೆ ಐಎಸ್ 710ರ ಮರೀನ್ ಪ್ಲೈ ಬೇರೆ ಇದೆ, ದುಡ್ಡೂ ಬೇರೆ.

ಇದನ್ನೆಲ್ಲ ಹೇಳಿದಾಗ ಗೆಳೆಯರು ಎರಡು ಮಾತು ಹೇಳ್ತಾರೆ. ಒಂದು, ಹಳೇ ಮನೆ ಕೆಡವಿ ಆರ್‌ಸಿಸಿ ಹಾಕಿ. ಒಂದು ಕಪಾಟಿಗಾಗಿ ತಂಪಾದ ಮನೆ ಕೆಡವೋದು ಇಂಜಿನಿಯರಿಂಗ್ ಅಂತ ನಮಗೆ ಅನಿಸಲ್ಲ. ಎರಡು, ತಿಜೋರಿ ತಂದಿಟ್ಟರೆ ಮುಗೀತಲ್ಲ. ಇದರಲ್ಲಿ ಸತ್ಯ ಇದೆ. ಕಬ್ಬಿಣದ ತಿಜೋರಿ ನಾಲ್ಕು ಕಾಲಿನ ಮೇಲೆ ನಿಲ್ಲುತ್ತೆ, ಕೆಳಗೆ ಗಾಳಿ ಆಡುತ್ತೆ, ಹಿಂದೆ ಪೊರಕೆ ಹೋಗುತ್ತೆ, ಗೆದ್ದಲಿಗೆ ತಿನ್ನೋಕೆ ಏನೂ ಇಲ್ಲ. ನಮ್ಮ ಕೋಣೆಯ ಮೂಲೆಗೆ ಅದು ಹೊಂದಲ್ಲ, ಕೌದಿ ಹಿಡಿಸಲ್ಲ ಅನ್ನೋದು ಬೇರೆ. ಆದ್ರೆ ಅದರ ಕಾಲು ನೋಡಿಯೇ ನಮಗೆ ಬುದ್ಧಿ ಬಂತು.

ನಮ್ಮ ವಾದ ಇಷ್ಟೇ. ಇಂಥ ಮನೆಯಲ್ಲಿ ಕಪಾಟು ನೆಲ, ಗೋಡೆ, ಮಾಳಿಗಿ ಮೂರಕ್ಕೂ ಅಂಟಬಾರದು, ಕಾರ್ಪೆಟ್ ಎಷ್ಟೇ ಹೊಸದಿರಲಿ ಅದು ನಿಲ್ಲೋ ಜಾಗದಲ್ಲಿ ಕತ್ತರಿಸಲೇಬೇಕು. ಮಾಳಿಗಿ ಯಾಕೆ ಅಂದ್ರೆ, ಮಳೆ ಬಂದಾಗ ಮೇಲಿನ ಮಣ್ಣು ನೀರು ಕುಡಿದು ಭಾರ ಆಗುತ್ತೆ, ತೊಲೆ ಕೂದಲೆಳೆಯಷ್ಟಾದರೂ ಬಾಗುತ್ತೆ. ಕಪಾಟು ಅದಕ್ಕೆ ತಾಗಿ ನಿಂತಿದ್ರೆ ಆ ಭಾರಕ್ಕೆ ಅದೇ ಕಂಬ ಆಗಿಬಿಡುತ್ತೆ. ತಪ್ಪಿ ಕೊಯ್ದ ಆ ಮೂರು ಇಂಚು ಒಂದೇ ನಾವು ಮಾಡಿದ ಸರಿಯಾದ ಕೆಲಸ ಅಂತ ಈಗ ಅನಿಸುತ್ತೆ.

ಇದರಲ್ಲಿ ನಮ್ಮ ಓದಿನ ಪಾಲೂ ಇದೆ ಅಂತ ನಮ್ಮ ಅನುಮಾನ. ಮೊದಲ ವರ್ಷದ ಡ್ರಾಯಿಂಗ್‌ನಿಂದ ಇವತ್ತಿನ ಕ್ಯಾಡ್ ಲ್ಯಾಬ್‌ವರೆಗೆ ನಮಗೆ ನೆಲ ಅಂದ್ರೆ ಒಂದು ಗೆರೆ. ಅದು ನೇರ, ಒಣ, ಯಾವಾಗಲೂ ಸೊನ್ನೆ. ಲ್ಯಾಬಿನಲ್ಲಿ ಒಂದು ದಿನ ಆದ್ರೂ ಒಂದು ಹಳೇ ಕೋಣೆಯ ನಾಲ್ಕು ಮೂಲೆ ಅಳೆದುಕೊಂಡು ಬನ್ನಿ ಅಂದಿದ್ರೆ, ಅವ್ವನ ದುಡ್ಡು ಉಳೀತಿತ್ತೋ ಏನೋ. ಪೂರ್ತಿ ತಪ್ಪು ಸಿಲೆಬಸ್ ಮೇಲೆ ಹಾಕಲ್ಲ ಬಿಡಿ. ಕಾಕಾ ಕೇಳಿದ್ದು ಕಿವಿಗೆ ಬಿದ್ದಿತ್ತು.

ಈಗ ಎರಡನೇ ಕಪಾಟು ನಡೀತಿದೆ. ಈ ಸಲ ಕಾಕಾ ಹೇಳೋದು, ನಾವು ಹಿಡಿಯೋದು. ಕಾರ್ಪೆಟ್ ಎರಡೂವರೆ ಅಡಿ ಒಳಗೆ ಕತ್ತರಿಸಿ, ಅಂಚಿಗೆ ಅಲ್ಯೂಮಿನಿಯಂ ಪಟ್ಟಿ ಹೊಡೆದಾಯ್ತು. ಗೆದ್ದಲಿನ ಔಷಧಿ ಬಿಟ್ಟು, ಫರಸಿಯ ಸಂದು ಬಳಿದು, ಒಂದು ವಾರ ಆರೋಕೆ ಬಿಟ್ಟೆವು. ಕಬ್ಬಿಣದ ಚೌಕ ಪೈಪಿನ ಫ್ರೇಮು, ಏಳಡಿ ಎತ್ತರ, ನಾಲ್ಕು ಕಲ್ಲಿನ ಮೇಲೆ ನಿಂತಿದೆ, ಗೋಡೆಯಿಂದ ಎರಡು ಇಂಚು ದೂರ. ಕಲ್ಲುಗಳ ದಪ್ಪ ನಾಲ್ಕೂ ಬೇರೆ ಬೇರೆ, ಯಾಕಂದ್ರೆ ಆ ಮೂಲೆಯ ತಗ್ಗು ಎಷ್ಟು ಅಂತ ಈಗ ನಮಗೆ ಗೊತ್ತು. ಮರೀನ್ ಪ್ಲೈಗೆ ನಮ್ಮ ಸ್ಕಾಲರ್‌ಶಿಪ್ ದುಡ್ಡು ಹೋಯ್ತು.

ಬಾಗಿಲು ದಸರಾ ರಜೆಗೆ ಹೋದಾಗ ಹಚ್ಚಬೇಕು. ಕೀಲಿ ಮಾತ್ರ ಅವ್ವ ಆಗಲೇ ತಂದು ಮಾಡದಲ್ಲಿ ಇಟ್ಟಿದ್ದಾಳೆ.