ಹೊಸಿಲಿಲ್ಲದ ಬಾಗಿಲು

ಮನೆಗೆ ಹೊಸಿಲು ಏಕೆ ಬೇಕೆಂದು ಕೇಳಿದರೆ ವಾಸ್ತುವನ್ನು ಬಲ್ಲವರು ಒಂದು ಕಾರಣವನ್ನು ಹೇಳಿಯಾರು. ಆಚಾರವಂತರು ಮತ್ತೊಂದನ್ನು ಹೇಳಿಯಾರು. ಸಾಮಾನ್ಯ ಗೃಹಸ್ಥನಿಗೆ ತಿಳಿದಿರುವ ಕಾರಣ ತೀರ ಸರಳವಾದುದು. ಹೊಸಿಲಿನಿಂದಾಚೆಗೆ ಊರು, ಈಚೆಗೆ ತನ್ನ ಮನೆ. ಬಳೆಗಾರನಾಗಲಿ, ಸೀರೆಯ ಗಂಟನ್ನು ಹೊತ್ತವನಾಗಲಿ, ಹೂವಾಡಗಿತ್ತಿಯಾಗಲಿ ಈ ಗೆರೆಯನ್ನು ಅರಿತೇ ನಡೆಯುತ್ತಿದ್ದರು. ಬೀದಿಯಲ್ಲಿ ನಿಂತು ಕೂಗುವರು; 'ಇವತ್ತು ಬೇಡಪ್ಪ' ಎಂಬ ಮಾತು ಒಳಗಿನಿಂದ ಕೇಳಿಬಂದರೆ ಮುಂದಿನ ಮನೆಗೆ ಹೋಗುವರು. ಆಹ್ವಾನವಿಲ್ಲದೆ ಬರುವವರಿಗೆ ಸರ್ವಜ್ಞ ವಿಧಿಸಿದ ಶಿಕ್ಷೆಯನ್ನು ಸಂಭಾವಿತರ ಈ ಪತ್ರಿಕೆಯಲ್ಲಿ ಬಿಡಿಸಿ ಹೇಳುವುದು ಬೇಡ. ಅದರಲ್ಲಿ ಪಾದರಕ್ಷೆಯ ಪ್ರಸ್ತಾಪವಿದೆ ಎಂದರೆ ಸಾಕು.

ಆದರೆ ದೂರವಾಣಿಗೆ ಹೊಸಿಲಿಲ್ಲ. ಸಂಜೆ ಏಳು ಗಂಟೆಯ ಹೊತ್ತು. ದೇವರ ಮುಂದೆ ದೀಪ ಹತ್ತಿದೆ. ಮಗು ಮಗ್ಗಿ ಒಪ್ಪಿಸುತ್ತಿದೆ. ಒಲೆಯ ಮೇಲೆ ಸಾರು ಕುದಿಯುತ್ತಿದೆ. ಕರೆಗಂಟೆ ಬಾರಿಸುತ್ತದೆ. ಗೃಹಿಣಿ ಕೈಯೊರೆಸಿಕೊಂಡು ಓಡಿಬಂದು ಎತ್ತಿಕೊಂಡರೆ, ಎಂದೂ ಕಾಣದ ವ್ಯಕ್ತಿಯೊಬ್ಬ ಆಕೆಯನ್ನು ಹೆಸರು ಹಿಡಿದು ಕರೆದು, ಕೇಳದ ಸಾಲವನ್ನೋ, ಕಾಣದ ಊರಿನ ನಿವೇಶನವನ್ನೋ ಕೊಡಬಂದಿದ್ದಾನೆ. 'ಎರಡೇ ನಿಮಿಷ ಮೇಡಂ' ಎಂಬ ವಿನಯ ಬೇರೆ! ಅಷ್ಟರಲ್ಲಿ ಮಗು ಹದಿಮೂರರ ಮಗ್ಗಿಯಿಂದ ಹದಿನೈದಕ್ಕೆ ಹಾರಿರುತ್ತದೆ. ರಾತ್ರಿ ಪಾಳಿಯನ್ನು ಮುಗಿಸಿ ಹಗಲು ಮಲಗುವ ದಾದಿಗೂ ಇದೇ ಗಂಟೆ. ಸಾವು ಸಂಭವಿಸಿ ಮೂರು ದಿನವಾಗದ ಮನೆಗೂ ಇದೇ ಗಂಟೆ.

ಹಿಂದೆ ಹೀಗಿರಲಿಲ್ಲವೆಂಬುದಕ್ಕೆ ಕಾರಣ ಜನರ ಸೌಜನ್ಯವಷ್ಟೇ ಅಲ್ಲ, ಕರೆಯ ಬೆಲೆಯೂ ಹೌದು. ಬೀದಿಗೊಂದು ಟೆಲಿಫೋನ್ ಇದ್ದ ಕಾಲದಲ್ಲಿ ಟ್ರಂಕ್ ಕಾಲ್ ಬಂದಿತೆಂದರೆ ಮನೆಮಂದಿಯ ಎದೆ ಹಾರುತ್ತಿತ್ತು. ನಮ್ಮ ದೇಶದಲ್ಲಿ 1995ರಲ್ಲಿ ಮೊಬೈಲ್ ಬಂದಾಗ ಕರೆ ಮಾಡುವವನಷ್ಟೇ ಅಲ್ಲದೆ ಸ್ವೀಕರಿಸುವವನೂ ಹಣ ತೆರಬೇಕಾಗಿತ್ತು. 2003ರಲ್ಲಿ ಸ್ವೀಕರಿಸುವವನ ಆ ಹೊರೆ ಇಳಿಯಿತು; ಬಳಿಕ ಕರೆ ಮಾಡುವವನ ಖರ್ಚೂ ಇಳಿಯುತ್ತ ಬಂದಿತು. ಅಗ್ಗವಾದುದು ಒಳ್ಳೆಯದೇ. ದೂರದೂರಿನ ಮಗಳು ತಾಯಿಯೊಡನೆ ದಿನವೂ ಮಾತನಾಡುವಂತಾದುದು ಅದರಿಂದಲೇ. ಆದರೆ ನೂರು ಮನೆಗಳ ಬಾಗಿಲನ್ನು ತಟ್ಟಲು ಬಳೆಗಾರನ ಕಾಲು ಸವೆಯುತ್ತಿತ್ತು. ನೂರು ಮನೆಗಳ ಗಂಟೆಯನ್ನು ಬಾರಿಸಲು ಇಂದಿನ ವ್ಯಾಪಾರಿಯ ಬೆರಳೂ ಸವೆಯುವುದಿಲ್ಲ. ತೊಂಬತ್ತೊಂಬತ್ತು ಮನೆಯವರು ಬೈದು, ಒಬ್ಬರು ಒಪ್ಪಿದರೂ ಅವನಿಗೆ ಲಾಭವೇ. ಆ ತೊಂಬತ್ತೊಂಬತ್ತು ಮನೆಗಳ ನಷ್ಟ ಅವನ ಲೆಕ್ಕದ ಪುಸ್ತಕದಲ್ಲಿ ಬರುವುದೇ ಇಲ್ಲ.

ಆ ನಷ್ಟಕ್ಕೆ ಹೆಸರೇನು? ಖಾಸಗಿತನ ಎನ್ನುತ್ತೇವೆ. 'ಖಾಸಗಿ' ಎಂಬುದು ಅರಬ್ಬಿ ಮೂಲದಿಂದ ಪಾರಸಿಯ ದಾರಿ ಹಿಡಿದು ನಮ್ಮಲ್ಲಿಗೆ ಬಂದ ಶಬ್ದ. ನಮ್ಮವೇ ಆದ 'ಗುಟ್ಟು', 'ಏಕಾಂತ' ಎಂಬೆರಡು ಮಾತುಗಳಿವೆ. ಇವುಗಳ ಅಂತರವನ್ನು ಗಮನಿಸಬೇಕು. ಗುಟ್ಟನ್ನು ಕಾಯುವವನಲ್ಲಿ ಬಚ್ಚಿಡುವಂಥದು ಏನೋ ಇದೆ. ಏಕಾಂತವನ್ನು ಬಯಸುವವನಲ್ಲಿ ಅಂಥದೇನೂ ಇರಬೇಕಾಗಿಲ್ಲ. 'ನಿಮ್ಮಲ್ಲಿ ಮುಚ್ಚಿಡುವಂಥದು ಏನಿದೆ, ಫೋನ್ ಬಂದರೇನು?' ಎನ್ನುವವರು ಈ ಎರಡನ್ನೂ ಬೆರೆಸಿಬಿಡುತ್ತಾರೆ.

ನಮ್ಮ ನ್ಯಾಯಾಲಯಗಳು ಈ ಅಂತರವನ್ನು ಕಾಣುವುದಕ್ಕೆ ಬಹುಕಾಲ ಹಿಡಿಯಿತು. ಉತ್ತರ ಪ್ರದೇಶದ ಖಡಕ್ ಸಿಂಗ್ ಎಂಬಾತನ ಮೇಲೆ ಕಣ್ಣಿಟ್ಟಿದ್ದ ಪೊಲೀಸರು ರಾತ್ರಿಯ ವೇಳೆ ಅವನ ಬಾಗಿಲನ್ನು ತಟ್ಟಿ ಎಬ್ಬಿಸುತ್ತಿದ್ದರು. 1962ರಲ್ಲಿ ಸುಪ್ರೀಂ ಕೋರ್ಟು ಈ ರಾತ್ರಿಯ ಭೇಟಿಗಳನ್ನು ರದ್ದುಪಡಿಸಿತು. ಆದರೂ ಖಾಸಗಿತನವು ಸಂವಿಧಾನ ಕೊಟ್ಟ ಹಕ್ಕೆಂದು ಒಪ್ಪಲು ಬಹುಮತದ ನ್ಯಾಯಮೂರ್ತಿಗಳು ಸಿದ್ಧರಿರಲಿಲ್ಲ. ಆ ಮಾತನ್ನು ತಿದ್ದಿಸಿದ ಕೀರ್ತಿ ಕನ್ನಡ ನಾಡಿಗೆ ಸಲ್ಲುತ್ತದೆ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತಾರರ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು, ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತರು. ಪುಟ್ಟಸ್ವಾಮಿಯವರು 2024ರಲ್ಲಿ, ತೊಂಬತ್ತೆಂಟು ವರ್ಷಗಳ ತುಂಬು ಬಾಳನ್ನು ಬಾಳಿ, ತೀರಿಕೊಂಡರು.

ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರದ ಕೈಯನ್ನು ತಡೆಯುತ್ತದೆ. ಸಾಲ ಮಾರುವವನನ್ನು ತಡೆಯುವುದಕ್ಕೆ ಬೇರೆ ನಿಯಮಗಳು ಬೇಕು. ಅವೂ ಇವೆ. ಬೇಡವೆನ್ನುವವರ ಪಟ್ಟಿ 2007ರಲ್ಲಿ ಆರಂಭವಾಯಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2018ರಲ್ಲಿ ನಿಯಮಗಳನ್ನು ಹೊಸದಾಗಿ ರಚಿಸಿ, 2025ರಲ್ಲಿ ಮತ್ತಷ್ಟು ಬಿಗಿಗೊಳಿಸಿತು. 1909 ಎಂಬ ಸಂಖ್ಯೆಗೆ ಕರೆ ಮಾಡಿ ಅಥವಾ ಸಂದೇಶ ಕಳುಹಿಸಿ ಪಟ್ಟಿಗೆ ಸೇರಬಹುದು. ಕರೆ ಬಂದ 7 ದಿನಗಳೊಳಗಾಗಿ ದೂರು ಕೊಡಬಹುದು; ನೋಂದಾಯಿಸದ ವ್ಯಾಪಾರಿಯ ಮೇಲೆ ದೂರಲು ನಾವು ಪಟ್ಟಿಯಲ್ಲಿರಬೇಕೆಂಬ ಕಟ್ಟೂ ಈಗಿಲ್ಲ. 10 ದಿನಗಳಲ್ಲಿ ಅಂಥವನೊಬ್ಬನ ಮೇಲೆ 5 ದೂರುಗಳು ಬಂದರೆ ಕ್ರಮ ಕೈಗೊಳ್ಳಬೇಕು. ಜಾಹೀರಾತಿನ ಕರೆಗಳು 140ರಿಂದ ಆರಂಭವಾಗುವ ಸಂಖ್ಯೆಗಳಿಂದ ಬರಬೇಕು. ಬ್ಯಾಂಕು ಮೊದಲಾದವುಗಳ ಸೇವೆಯ ಕರೆಗಳಿಗೆ 160ರ ಸರಣಿಯನ್ನು ಗೊತ್ತುಪಡಿಸಿದ್ದಾರೆ. ಆದರೇನು? ನಿಯಮ ಮೀರುವವನು ನಮ್ಮ ನಿಮ್ಮಂತೆ ಹತ್ತಂಕಿಯ ಸಾಧಾರಣ ಸಂಖ್ಯೆಯಿಂದ ಕರೆಯುತ್ತಾನೆ. ಒಂದನ್ನು ಕತ್ತರಿಸಿದರೆ ಇನ್ನೊಂದು ಚಿಗುರುತ್ತದೆ.

ಈ ಏರ್ಪಾಡಿನ ಬುಡದಲ್ಲಿರುವ ದೋಷ ಇದು: ಬೇಡವೆಂದು ಹೇಳುವ ಶ್ರಮ ಗೃಹಸ್ಥನದು. ಬಾಯಿ ಬಿಡದವನನ್ನೆಲ್ಲ ಒಪ್ಪಿದವನೆಂದೇ ಎಣಿಸಲಾಗುತ್ತದೆ. ಮೌನಂ ಸಮ್ಮತಿ ಲಕ್ಷಣಂ ಎಂಬುದು ಮದುವೆಯ ಮಾತುಕತೆಯಲ್ಲಿ ನಡೆದೀತು, ವ್ಯಾಪಾರದಲ್ಲಿ ನಡೆಯಬಾರದು. ಜರ್ಮನಿಯಲ್ಲಿ ಗೃಹಸ್ಥನ ಒಪ್ಪಿಗೆಯನ್ನು ಮೊದಲೇ ಸ್ಪಷ್ಟವಾಗಿ ಪಡೆಯದೆ ಅವನಿಗೆ ಜಾಹೀರಾತಿನ ಕರೆ ಮಾಡುವುದು ಕಾನೂನಿಗೆ ವಿರುದ್ಧ. ಅಲ್ಲಿಯೂ ಕಾನೂನು ಮುರಿಯುವವರಿಲ್ಲದೆ ಇಲ್ಲ. ಆದರೆ ಯಾರು ಯಾರ ಅನುಮತಿಯನ್ನು ಕೇಳಬೇಕೆಂಬ ಪ್ರಶ್ನೆಗೆ ಸರಿಯಾದ ಉತ್ತರವಾದರೂ ಅಲ್ಲಿದೆ.

ಇದನ್ನೆಲ್ಲ ಸಣ್ಣ ಕಿರಿಕಿರಿ ಎಂದು ತಳ್ಳಿಹಾಕುವವರು ಒಂದು ಸಂಗತಿಯನ್ನು ಯೋಚಿಸಬೇಕು. ಗುರುತಿಲ್ಲದ ಸಂಖ್ಯೆ ಕಂಡರೆ ಇಂದು ಅನೇಕರು ಕರೆಯನ್ನು ಎತ್ತುವುದೇ ಇಲ್ಲ. ಬಸ್ಸು ತಪ್ಪಿದ ಹುಡುಗಿ ದಾರಿಹೋಕರ ಫೋನನ್ನು ಬೇಡಿ ಪಡೆದು ತಂದೆಗೆ ಕರೆ ಮಾಡುತ್ತಾಳೆ. ತಂದೆ ಅದನ್ನು ಸಾಲದವನ ಕರೆಯೆಂದು ಬಗೆದು ಕತ್ತರಿಸುತ್ತಾನೆ. ಆಸ್ಪತ್ರೆಯಿಂದ ಬಂದ ಕರೆಗೂ ಇದೇ ಗತಿ. ಇತ್ತ, ಒಂಟಿಯಾಗಿರುವ ವೃದ್ಧರು ಯಾರಾದರೂ ಮಾತನಾಡಿಸಿದರೆ ಸಾಕೆಂದು ಎಲ್ಲ ಕರೆಯನ್ನೂ ಎತ್ತಿ, ಪೊಲೀಸರ ವೇಷದ ವಂಚಕನ ಬಾಯಿಗೆ ಬೀಳುತ್ತಾರೆ. ಕೋಳಿ ಕೂಗಿದರೆ ಬೆಳಗಾಯಿತೆಂದು ನಂಬುವಂತೆ, ಗಂಟೆ ಬಾರಿಸಿದರೆ ಯಾರಿಗೋ ನಮ್ಮ ಅಗತ್ಯವಿದೆ ಎಂದು ನಂಬುತ್ತಿದ್ದೆವು. ಕಳ್ಳತನವಾಗಿರುವುದು ಆ ನಂಬಿಕೆಯದು.

ಹಾಗೆಂದು ಕರೆ ಮಾಡುವ ಹುಡುಗಿಯ ಮೇಲೆ ಹರಿಹಾಯುವುದು ನ್ಯಾಯವಲ್ಲ. ಪದವಿ ಮುಗಿಸಿದ ನನ್ನ ವಿದ್ಯಾರ್ಥಿಗಳಲ್ಲಿಯೇ ಕೆಲವರು ಹೊಟ್ಟೆಪಾಡಿಗಾಗಿ ಇಂತಹ ಕಚೇರಿಗಳಲ್ಲಿ ದುಡಿದಿದ್ದಾರೆ. ದಿನಕ್ಕೆ ಇಷ್ಟು ಕರೆಗಳೆಂಬ ಲೆಕ್ಕ ತುಂಬಬೇಕು; ತುಂಬುವವರೆಗೂ ಊರ ಬೈಗುಳನ್ನೆಲ್ಲ ಕೇಳಬೇಕು. ಆಕೆಗೆ 'ಬೇಡಮ್ಮ' ಎಂಬ ಒಂದು ಮಾತು ಸಾಕು. ದೂರು ಆಕೆಯನ್ನು ಕೂರಿಸಿದ ಧಣಿಯ ಮೇಲೆ ಹೋಗಲಿ.

ನಾವು ಮಾಡಬಹುದಾದ ಕೆಲಸವೂ ಒಂದಿದೆ. ಅರ್ಧ ಡಜನ್ ಕರವಸ್ತ್ರ ಕೊಂಡರೂ ಅಂಗಡಿಯವನು ಫೋನ್ ಸಂಖ್ಯೆಯನ್ನು ಕೇಳುತ್ತಾನೆ. ಹಿಂದೆ ನಿಂತವರೂ ಕೇಳಿಸಿಕೊಳ್ಳುವಷ್ಟು ಗಟ್ಟಿಯಾಗಿ ನಾವು ಹೇಳುತ್ತೇವೆ. ಹಾಗೆ ಒತ್ತಾಯ ಮಾಡಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿಯೇ ವ್ಯಾಪಾರಿಗಳಿಗೆ ತಿಳಿಸಿದೆ. 'ಸಂಖ್ಯೆಯನ್ನು ಕೊಡುವುದಿಲ್ಲ, ಬಿಲ್ಲು ಕೊಡಿ' ಎಂದು ನಗುನಗುತ್ತಲೇ ಹೇಳಬಹುದು. ಇನ್ನು, ಯಾವುದೋ ಬಹುಮಾನದ ಆಸೆಗೆ ಬಂಧುಮಿತ್ರರ ಐದು ಸಂಖ್ಯೆಗಳನ್ನು ಬರೆದುಕೊಡುವ ಅಭ್ಯಾಸವಂತೂ ಬೇರೆಯವರ ಮನೆಯ ಬೀಗದ ಕೈಯನ್ನು ದಾರಿಹೋಕನಿಗೆ ಒಪ್ಪಿಸಿದಂತೆಯೇ. ದೂರು ಕೊಡುವುದು ಎರಡು ನಿಮಿಷದ ಕೆಲಸ. ಆ ಎರಡು ನಿಮಿಷಗಳನ್ನು ಸಾಲ ಮಾರುವವನಿಗೆ ಕೊಡುವುದಕ್ಕಿಂತ 1909ಕ್ಕೆ ಕೊಡುವುದು ಲೇಸು.