ಪ್ರಸ್ತಾವಿತ ಬಡಾವಣೆಗಳು ಮತ್ತು ನೆರೆಯ ಅಪಾಯ: ಒಂದು ಅವಲೋಕನ

2022ರ ಸೆಪ್ಟೆಂಬರ್ ಆರಂಭದ ಭಾರಿ ಮಳೆಗೆ ಬೆಂಗಳೂರಿನ ಬೆಳ್ಳಂದೂರು, ಮಹದೇವಪುರ ಹಾಗೂ ಸರ್ಜಾಪುರ ರಸ್ತೆಯ ಹಲವು ಬಡಾವಣೆಗಳು ಜಲಾವೃತಗೊಂಡವು. ಮಳೆಯ ಪ್ರಮಾಣವೊಂದೇ ಇದಕ್ಕೆ ಕಾರಣವಲ್ಲ. ಅಲ್ಲಿನ ಕೆರೆಗಳು ಸರಪಳಿಯಂತಿದ್ದು, ಮೇಲಿನ ಕೆರೆಯ ಕೋಡಿ ನೀರು ರಾಜಕಾಲುವೆಯ ಮೂಲಕ ಕೆಳಗಿನ ಕೆರೆಯನ್ನು ಸೇರುತ್ತದೆ. ಬೆಳ್ಳಂದೂರು ಕೆರೆಯ ನೀರು ವರ್ತೂರು ಕೆರೆಗೆ ಹರಿಯುವುದು ಇದಕ್ಕೆ ನಿದರ್ಶನ. ಈ ಹಾದಿ ಕಿರಿದಾದಲ್ಲಿ ನೀರು ನಿವೇಶನಗಳಿಗೆ ನುಗ್ಗುತ್ತದೆ.

ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ 2015 ಕೆರೆಯ ಸುತ್ತ 30 ಮೀಟರ್ ಮೀಸಲು ವಲಯವನ್ನು ನಿಗದಿಪಡಿಸಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರಲ್ಲಿ ಇದನ್ನು 75 ಮೀಟರ್‌ಗೆ ಹೆಚ್ಚಿಸಿತು. 2019ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹೆಚ್ಚಳವನ್ನು ರದ್ದುಪಡಿಸಿತು. ಆದರೆ ಅಂತರವೊಂದೇ ಸುರಕ್ಷತೆಯ ಅಳತೆಗೋಲಲ್ಲ. ನಿಗದಿತ ಅಂತರ ಬಿಟ್ಟು ನಿರ್ಮಿಸಿದ ಕಟ್ಟಡವೂ ತಗ್ಗಿನಲ್ಲಿದ್ದರೆ ಮುಳುಗಡೆಯಿಂದ ಪಾರಾಗದು.

ಗೆಂಡೆಹಳ್ಳಿಯನ್ನೊಳಗೊಂಡ ಬೇಲೂರು ಹಾಗೂ ನೆರೆಯ ಅರಸೀಕೆರೆ ತಾಲ್ಲೂಕುಗಳ ಕೆರೆ ಬಯಲಿಗೂ ಈ ಮಾತು ಅನ್ವಯಿಸುತ್ತದೆ. ಬರಗಾಲದಲ್ಲಿ ಒಣಗಿದ ಹಳ್ಳವು ನಿವೇಶನಕ್ಕೆ ಯೋಗ್ಯವೆಂಬಂತೆ ತೋರಬಹುದು. ಕೋಡಿ ಬಿದ್ದ ವರ್ಷ ನೀರು ಹಳೆಯ ಹಾದಿಯನ್ನೇ ಹಿಡಿಯುತ್ತದೆ. ಆದುದರಿಂದ ಭೂಪರಿವರ್ತನೆಗೆ ಮುನ್ನ ಗ್ರಾಮ ನಕ್ಷೆಯಲ್ಲಿನ ಹಳ್ಳ, ಕಾಲುವೆಗಳ ಗುರುತು, ಮೇಲಿನ ಕೆರೆಯ ಕೋಡಿಯ ದಿಕ್ಕು ಹಾಗೂ ನಿವೇಶನದ ಮಟ್ಟ, ಈ ಮೂರನ್ನೂ ಸ್ಥಳದಲ್ಲಿಯೇ ತಾಳೆ ನೋಡುವುದು ಅತ್ಯವಶ್ಯ. ಮನೆ ಕಟ್ಟಿದ ನಂತರ ಈ ಪರಿಶೀಲನೆಯಿಂದ ಪ್ರಯೋಜನವಿಲ್ಲ.