ಒಂದು ಎಳೆ ಅಪ್ಪನದು, ಒಂದು ಅವ್ವನದೇ?

ಮಕ್ಕಳೇ, ಬಗದಲ್ ಕಡೆಯ ಒಂದು ಶಾಲೆಯಲ್ಲಿ ಕರಿಹಲಗೆಯ ಮೇಲೆ ಡಿ.ಎನ್.ಎ. ಚಿತ್ರ ಬರೆದು, "ಇದರಲ್ಲಿ ಎರಡು ಎಳೆಗಳು ಏಕಿವೆ?" ಎಂದು ಕೇಳಿದ್ದೆ. "ಒಂದು ಅಪ್ಪಂದು, ಒಂದು ಅವ್ವಂದು ಸರ್" ಎಂದು ಹಿಂದಿನ ಸಾಲಿನಿಂದ ಉತ್ತರ ಬಂತು. ಇಡೀ ತರಗತಿ ತಲೆಯಾಡಿಸಿತು. ದೊಡ್ಡವರೂ ಹೀಗೆ ಹೇಳುವುದುಂಟು. ಈ ಮಾತನ್ನು ನಾವು ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಅದು ತಪ್ಪು ಮಾತ್ರವಲ್ಲ, ಮನೆಗಳಲ್ಲಿ ನೋವು ತರುವ ತಪ್ಪು.

ನಿಜ ಏನು? ಅಪ್ಪನಿಂದ 23, ಅವ್ವನಿಂದ 23 ವರ್ಣತಂತುಗಳು ನಮಗೆ ಬರುತ್ತವೆ. ಒಂದೊಂದರಲ್ಲೂ ಇರುವುದು ಎರಡೆಳೆಯ ಡಿ.ಎನ್.ಎ. ಇಬ್ಬರೂ ಕೊಡುವುದು ಹೊಸೆದ ಹಗ್ಗವನ್ನೇ. ಬಿಡಿ ಎಳೆಯನ್ನು ಯಾರೂ ಕೊಡುವುದಿಲ್ಲ!

ಹಾಗಾದರೆ ಎರಡನೆಯ ಎಳೆ ಬರೀ ಆಸರೆಗೆ ಇದೆಯೇ? ಅದೂ ಅಲ್ಲ. ವಂಶವಾಹಿಗಳು ಎರಡೂ ಎಳೆಗಳಲ್ಲಿ ಹರಡಿವೆ. ಬೀದರ್–ಭಾಲ್ಕಿ ರಸ್ತೆಯನ್ನು ನೆನೆಸಿಕೊಳ್ಳಿ. ಭಾಲ್ಕಿಗೆ ಹೋಗುವವರು ಓದುವ ಫಲಕಗಳು ಒಂದು ಬದಿಗೆ, ಬೀದರಿಗೆ ಬರುವವರು ಓದುವವು ಇನ್ನೊಂದು ಬದಿಗೆ. ಡಿ.ಎನ್.ಎ.ಯ ಎರಡು ಎಳೆಗಳ ಬರಹವೂ ಹೀಗೆಯೇ ಎದುರುಬದುರು ದಿಕ್ಕಿನಲ್ಲಿದೆ. ಪ್ರತಿ ವಂಶವಾಹಿಗೂ ಅದರದೇ ಆರ್.ಎನ್.ಎ. ನಕಲು ತಯಾರಾಗುತ್ತದೆ. ಅದನ್ನು ನೋಡಿಕೊಂಡು ರೈಬೋಸೋಮುಗಳು ಅಮೈನೋ ಆಮ್ಲಗಳ ಸರ ಪೋಣಿಸುತ್ತವೆ. ಬರಹಗಳು ಒಂದರೊಳಗೊಂದು ಕಲಸುವುದಿಲ್ಲ. ಸೇರುವುದೇನಿದ್ದರೂ ಸರಗಳು ತಯಾರಾದ ಮೇಲೆ.

ನಮ್ಮ ರಕ್ತವನ್ನೇ ನೋಡಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಗುಳಿಗೆ ಹಿಮೋಗ್ಲೋಬಿನ್ ಎಂಬ ಪ್ರೋಟೀನಿಗಾಗಿ. ಅದರಲ್ಲಿ ಎರಡು ಆಲ್ಫಾ ಸರ, ಎರಡು ಬೀಟಾ ಸರ. ಆಲ್ಫಾದಲ್ಲಿ 141 ಮಣಿ, ಬೀಟಾದಲ್ಲಿ 146. ಆಲ್ಫಾದ ಬರಹ 16ನೆಯ ವರ್ಣತಂತುವಿನಲ್ಲಿ, ವಿಜ್ಞಾನಿಗಳು 'ಪ್ಲಸ್' ಎಂದು ಕರೆಯುವ ಎಳೆಯಲ್ಲಿದೆ. ಬೀಟಾದ್ದು 11ನೆಯದರಲ್ಲಿ, 'ಮೈನಸ್' ಎಳೆಯಲ್ಲಿ! (ಮೈನಸ್ ಎಂದರೆ ಕಡಿಮೆಯದು ಎಂದಲ್ಲ, ಗುರುತಿಗೆ ಇಟ್ಟ ಹೆಸರು ಅಷ್ಟೆ.) ಬೇರೆ ಬೇರೆ ಕಡೆಯಿಂದ ಬಂದ ಈ ನಾಲ್ಕು ಸರಗಳು ಕೂಡಿದರೇನೇ ರಕ್ತ ಆಮ್ಲಜನಕವನ್ನು ಸರಿಯಾಗಿ ಹೊರುತ್ತದೆ.

ಬೀಟಾ ಸರದ ಆರನೆಯ ಮಣಿಯೊಂದು ಬದಲಾದರೆ ಸಾಕು, ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಭಾರತದಲ್ಲಿ ಈ ಬದಲಾವಣೆಯನ್ನು 1952ರಲ್ಲಿ ನಮ್ಮ ಚಾಮರಾಜನಗರದ ಪಕ್ಕದ ನೀಲಗಿರಿ ಬೆಟ್ಟಗಳ ಜನರ ರಕ್ತದಲ್ಲಿ ಗುರುತಿಸಿದರು. ಇದನ್ನು ತಡೆಯಲು 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನವೇ ಆರಂಭವಾಯಿತು.

ನೋವಿನ ಮಾತು ಬರುವುದು ಇಲ್ಲಿ. ಮಗುವಿಗೆ ಇಂಥ ಕಾಯಿಲೆ ಬಂದರೆ "ತಾಯಿಯ ಎಳೆ ಕೆಟ್ಟಿತ್ತು" ಎಂದುಬಿಡುತ್ತಾರೆ. ಬದಲಾದ ಬೀಟಾ ವಂಶವಾಹಿ ಒಬ್ಬರಿಂದಷ್ಟೇ ಬಂದು, ಇನ್ನೊಬ್ಬರದು ಸರಿಯಿದ್ದರೆ ಮಗು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತದೆ. ಕುಡುಗೋಲು ಕಣದ ರಕ್ತಹೀನತೆ ಬರುವುದು ಅದು ಇಬ್ಬರಿಂದಲೂ ಬಂದಾಗ. ಬದಲಾವಣೆ ಇದೆಯೇ ಎಂದು ರಕ್ತಪರೀಕ್ಷೆಯಿಂದ ಮೊದಲೇ ತಿಳಿಯಬಹುದು. ಅವ್ವನೊಬ್ಬಳನ್ನೇ ದೂರುವವರು ಯಾವ ಪುಸ್ತಕ ಓದಿದ್ದಾರೋ!

ಆ ದಿನ ನಾನು ಹಲಗೆಯನ್ನು ಒರೆಸಿ ಮತ್ತೆ ಬರೆದೆ. ಈ ಸಲ ಎರಡಲ್ಲ, ನಾಲ್ಕು ಎಳೆ: ಅಪ್ಪನ ಹಗ್ಗದಲ್ಲಿ ಎರಡು, ಅವ್ವನ ಹಗ್ಗದಲ್ಲಿ ಎರಡು. ಹಿಂದಿನ ಸಾಲಿನ ಹುಡುಗ ಎಣಿಸಿ ನೋಡಿ, "ಮತ್ತೆ ಪುಸ್ತಕದಾಗ ಎರಡೇ ಅದಾವಲ್ರಿ ಸರ್?" ಎಂದ. ಪುಸ್ತಕದ ಚಿತ್ರ ಒಂದೇ ಹಗ್ಗದ್ದು ಎಂದೆ.